ಮನೆಯಲ್ಲಿ ಓದಿಗೊಂದು ಹೊತ್ತು

(ಕೊಳಾರದಲ್ಲಿ ನಡೆದ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ. ಸಭೆಗೆ ಬರಲಾಗದ ದಾನಿಗಳಿಗೂ ಪಾಲಕರಿಗೂ ಅನುಕೂಲವಾಗಲೆಂದು ಇಲ್ಲಿ ಕೊಟ್ಟಿದ್ದೇವೆ.)

 

ವೇದಿಕೆಯ ಮೇಲಿರುವ ಹಿರಿಯರೆ, ನಮ್ಮ ಮೇಲೆ ಭರವಸೆ ಇಟ್ಟು ಹಣ ಕೊಟ್ಟ ದಾನಿಗಳೆ, ಬೀದರ್ ನಗರ, ಭಾಲ್ಕಿ, ಔರಾದ್ ಕಡೆಯಿಂದ ಮುಂಜಾನೆಯ ಬಸ್ಸು ಹಿಡಿದು ಬಂದ ಪಾಲಕರೆ, ಪ್ರೀತಿಯ ಮಕ್ಕಳೆ,

ಖಜಾಂಚಿಯವರು ಲೆಕ್ಕಪತ್ರ ಓದಿ ಹೇಳಿದ್ದಾರೆ. ಎಷ್ಟು ಬಂತು, ಎಷ್ಟು ಹೋಯಿತು, ಯಾವ ಕೋರ್ಸಿಗೆ ಎಷ್ಟು ಕೊಟ್ಟೆವು ಎಂಬುದೆಲ್ಲ ವರದಿಯಲ್ಲಿದೆ. ಲೆಕ್ಕಪತ್ರದಲ್ಲಿ ಬರೆಯಲಾಗದ ಒಂದು ಖರ್ಚಿನ ಬಗ್ಗೆ ನಾವು ಈಗ ಸ್ವಲ್ಪ ಮಾತಾಡಬೇಕೆಂದಿದ್ದೇವೆ. ಅದು ಮಗುವಿನ ಓದಿಗೆ ಬೇಕಾದ ಸಮಯ.

ಅರ್ಜಿ ಹಾಕಿದ ಮಕ್ಕಳನ್ನು ಕೂಡಿಸಿಕೊಂಡು ಮಾತಾಡುವಾಗ ನಾವು ಒಂದು ಪ್ರಶ್ನೆ ತಪ್ಪದೆ ಕೇಳುತ್ತೇವೆ: ಪಾಠದ ಪುಸ್ತಕ ಬಿಟ್ಟು ಬೇರೆ ಏನು ಓದುತ್ತೀಯಪ್ಪಾ, ಏನು ಓದುತ್ತೀಯಮ್ಮಾ? ಹೆಚ್ಚಿನ ಮಕ್ಕಳು ತಲೆ ತಗ್ಗಿಸಿ ಒಂದೇ ಉತ್ತರ ಕೊಡುತ್ತಾರೆ: “ಟೈಮೇ ಸಿಗಂಗಿಲ್ರಿ ಸರ್.” ಇದು ನೆಪವಲ್ಲ. ಔರಾದ್ ಕಡೆಯಿಂದ ದಿನಾ ಬೀದರಿನ ಕಾಲೇಜಿಗೆ ಬರುವ ಹುಡುಗಿಗೆ ಹೋಗಿಬರಲು ಎರಡು ಗಂಟೆಗಿಂತ ಹೆಚ್ಚು ಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವಳ ಟಿಕೆಟ್ಟಿನ ಖರ್ಚು ಉಳಿದಿದೆ, ಅದು ದೊಡ್ಡ ಉಪಕಾರ. ಆದರೆ ಬಸ್ಸಿನಲ್ಲಿ ನಿಂತು ಬರುವವಳು ಪುಸ್ತಕ ಬಿಚ್ಚುವುದೆಲ್ಲಿ? ಮನೆ ಮುಟ್ಟಿದರೆ ನೀರು, ರೊಟ್ಟಿ, ಪಾತ್ರೆ, ತಮ್ಮ ತಂಗಿಯರು. ಇಲ್ಲಿಯ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಮೇಲೆ ದುಡಿಯುವ ತಂದೆಯ ಮನೆಯಲ್ಲಿ ಒಬ್ಬರು ಏಳುವ ಹೊತ್ತಿಗೆ ಇನ್ನೊಬ್ಬರು ಮಲಗುತ್ತಾರೆ. ಗ್ಯಾರೇಜಿನಲ್ಲೋ ಬಟ್ಟೆ ಅಂಗಡಿಯಲ್ಲೋ ಸಂಜೆ ಕೆಲಸ ಮಾಡುವ ಹುಡುಗ ಮನೆಗೆ ಬರುವಾಗ ರಾತ್ರಿ ಹತ್ತು ದಾಟಿರುತ್ತದೆ.

ಓದಿನ ಬಗ್ಗೆ ಭಾಷಣ ಮಾಡುವವರು ‘ಇಕ್ರಾ’ ಎಂಬ ಮಾತಿನಿಂದ ಆರಂಭಿಸುವುದು ರೂಢಿ. ಪ್ರವಾದಿಯವರಿಗೆ ಬಂದ ಮೊದಲ ಆದೇಶವೇ ಓದಿನದು ಎಂದು ನಮ್ಮ ಮಕ್ಕಳು ಮಕ್ತಬ್‌ನಲ್ಲೇ ಕಲಿತಿರುತ್ತಾರೆ. ಓದಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಯಾವಾಗ, ಎಲ್ಲಿ ಕೂತು, ಯಾರು ಆ ಹೊತ್ತಿನ ಕೆಲಸ ನೋಡಿಕೊಂಡರೆ ಓದಬಹುದು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಇಂದು ನಾವು ಅಷ್ಟನ್ನೇ ಹೇಳುತ್ತೇವೆ.

ಮೊದಲು ಪಾಲಕರ ಒಂದು ಸಂದೇಹಕ್ಕೆ ಉತ್ತರ ಕೊಡಬೇಕು. “ಪರೀಕ್ಷೆಯ ಪುಸ್ತಕ ಓದಲಿಕ್ಕೇ ಪುರಸೊತ್ತಿಲ್ಲ, ಕಥೆ, ಚರಿತ್ರೆ ಎಲ್ಲ ಯಾಕ್ರಿ?” ಎಂದು ಕೇಳುವವರಿದ್ದಾರೆ. ನಮ್ಮ ಅರ್ಜಿಯಲ್ಲಿ ‘ನಿಮ್ಮ ಬಗ್ಗೆ ಹತ್ತು ಸಾಲು ಬರೆಯಿರಿ’ ಎಂಬ ಜಾಗವಿದೆ. ಆನ್‌ಲೈನ್ ಅಂಗಡಿಯಲ್ಲಿ ಕೂತು ತುಂಬಿಸಿದ ಅರ್ಜಿಗಳಲ್ಲಿ ಆ ಹತ್ತು ಸಾಲುಗಳು ಅಕ್ಷರಕ್ಕೆ ಅಕ್ಷರ ಒಂದೇ ಆಗಿರುತ್ತವೆ. ಎಲ್ಲರೂ ಡಾಕ್ಟರಾಗಿ ಬಡವರ ಸೇವೆ ಮಾಡುವವರೇ, ಬಿ.ಕಾಂ. ಓದುವ ಹುಡುಗನೂ ಸೇರಿ! ನಗುವ ಮಾತಲ್ಲ ಇದು. ತನ್ನ ಬಗ್ಗೆ ಹತ್ತು ಸಾಲು ಬರೆಯಲಾಗದ ಮಗು ನಾಳೆ ಸಂದರ್ಶನದಲ್ಲಿ ತನ್ನ ಬಗ್ಗೆ ಹತ್ತು ಮಾತು ಆಡಲಾರದು. ಸಾಲದ ಕಾಗದ, ದವಾಖಾನೆಯ ಒಪ್ಪಿಗೆ ಪತ್ರ, ಬಾಡಿಗೆ ಕರಾರು ಇವನ್ನೆಲ್ಲ ಓದದೆ ಸಹಿ ಹಾಕಿ ತೊಂದರೆಗೆ ಬಿದ್ದ ಮನೆಗಳು ಎಷ್ಟೋ ಇವೆ. ಪಾಠದ ಪುಸ್ತಕ ಅಂಕಪಟ್ಟಿ ಕೊಡುತ್ತದೆ. ಉದ್ದನೆಯ ಕಾಗದ ನೋಡಿ ಹೆದರದಿರುವ ಧೈರ್ಯ ಬರುವುದು ಬೇರೆ ಪುಸ್ತಕಗಳನ್ನು ಸ್ವಂತ ಇಷ್ಟದಿಂದ ಓದಿದ ರೂಢಿಯಿಂದ.

ಇನ್ನು ಸಮಯದ ಮಾತು. ಅದಕ್ಕೆ ನಮ್ಮ ಊರಿನ ಚರಿತ್ರೆಯಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಪರ್ಷಿಯಾದ ಗೀಲಾನ್ ಪ್ರಾಂತ್ಯದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನ್ 1472ರಲ್ಲಿ ಬೀದರಿನ ಮದರಸಾ ಕಟ್ಟಿ ಮುಗಿಸಿದರು. ಮೂರು ಅಂತಸ್ತಿನ ಕಟ್ಟಡ. ಅದರ ಗ್ರಂಥಾಲಯದಲ್ಲಿ ಸುಮಾರು 3,000 ಗ್ರಂಥಗಳಿದ್ದವೆಂದು ಹೇಳುತ್ತಾರೆ. ಎಲ್ಲವೂ ಕೈಬರಹದ ಪ್ರತಿಗಳು, ಒಂದೊಂದನ್ನೂ ಒಬ್ಬ ಮನುಷ್ಯ ಕೂತು ಬರೆದದ್ದು. ಯುದ್ಧ, ಕಂದಾಯ, ಅರಮನೆಯ ಒಳಜಗಳಗಳ ನಡುವೆಯೂ ಗವಾನ್ ಓದಿದರು, ಬರೆದರು. ಅವರ ಪತ್ರಗಳ ಸಂಗ್ರಹ ‘ರಿಯಾಜುಲ್ ಇನ್ಶಾ’ ಇಂದಿಗೂ ಉಳಿದಿದೆ. 1481ರಲ್ಲಿ ಸುಳ್ಳು ಆರೋಪದ ಮೇಲೆ ಅವರನ್ನು ಕೊಲ್ಲಲಾಯಿತು. 1696ರಲ್ಲಿ ಸಂಭವಿಸಿದ ಸ್ಫೋಟದಿಂದ ಕಟ್ಟಡದ ಒಂದು ಭಾಗವೂ ಹಾಳಾಯಿತು.

ಆ ಕಟ್ಟಡ ನಮ್ಮ ಹೆಮ್ಮೆ. ರಜೆಯಲ್ಲಿ ಮಕ್ಕಳನ್ನು ಕರೆದೊಯ್ದು ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತೇವೆ. ಆದರೆ ದಾನಿಗಳು ಒಂದು ವಿಷಯ ಗಮನಿಸಬೇಕು. ಗವಾನ್ ಕಟ್ಟಡ ಕೊಟ್ಟರು, ಪುಸ್ತಕ ಕೊಟ್ಟರು, ಗುರುಗಳನ್ನು ಕರೆಸಿದರು. ಅದರ ಜೊತೆಗೆ ವಿದ್ಯಾರ್ಥಿಗಳಿಗೆ ಊಟ, ವಸತಿಯನ್ನೂ ಕೊಟ್ಟರು. ಊಟ, ವಸತಿ ಕೊಡುವುದೆಂದರೆ ಇಡೀ ದಿನವನ್ನೇ ಬಿಡಿಸಿಕೊಟ್ಟಂತೆ. ಹೊಟ್ಟೆಪಾಡಿಗೆ ಓಡಾಡುವ ಹುಡುಗನ ಮುಂದೆ 3,000 ಗ್ರಂಥ ಇಟ್ಟರೂ ಪ್ರಯೋಜನವಿಲ್ಲ ಎಂಬುದು ವ್ಯಾಪಾರ ಬಲ್ಲ ಆ ಪ್ರಧಾನಿಗೆ ಗೊತ್ತಿತ್ತು.

ನಮ್ಮ ಟ್ರಸ್ಟಿಗೆ ಮಕ್ಕಳ ಇಡೀ ದಿನ ಬಿಡಿಸಿಕೊಡುವ ಶಕ್ತಿ ಇಲ್ಲ. ಫೀಸು ಕಟ್ಟಬಹುದು, ಪುಸ್ತಕ ಕೊಡಿಸಬಹುದು. ಇಪ್ಪತ್ತು ನಿಮಿಷವನ್ನು ಬಿಡಿಸಿಕೊಡುವುದು ಮನೆಯವರ ಕೈಯಲ್ಲಿದೆ. ಹೌದು, ಇಪ್ಪತ್ತೇ ನಿಮಿಷ. ಲೆಕ್ಕ ಹಾಕಿ ನೋಡಿ. ನಿಧಾನವಾಗಿ ಓದುವ ಮಗುವೂ 20 ನಿಮಿಷದಲ್ಲಿ 8 ಪುಟ ಓದೀತು. ಜ್ವರ, ಮದುವೆ, ಪರೀಕ್ಷೆ, ಹಬ್ಬ ಎಂದು ವರ್ಷದಲ್ಲಿ 65 ದಿನ ಬಿಟ್ಟುಹೋಯಿತೆಂದೇ ಇಟ್ಟುಕೊಳ್ಳಿ. ಉಳಿದ 300 ದಿನಕ್ಕೆ 2,400 ಪುಟ, ಅಂದರೆ 200 ಪುಟದ 12 ಪುಸ್ತಕ. ತಿಂಗಳಿಗೊಂದು. ಎಂಟನೇ ತರಗತಿಯಿಂದ ಪದವಿಯ ಕೊನೆಯ ವರ್ಷದವರೆಗೆ ಎಂಟು ವರ್ಷ ಹೀಗೆ ನಡೆದರೆ ಆ ಮಗು 96 ಪುಸ್ತಕ ಓದಿರುತ್ತದೆ. ಇದಕ್ಕೆ ಯಾವ ದಾನಿಯೂ ಒಂದು ರೂಪಾಯಿ ಹೆಚ್ಚು ಕೊಡಬೇಕಾಗಿಲ್ಲ.

ಪುರಸೊತ್ತು ಸಿಕ್ಕಾಗ ಓದುತ್ತೇನೆ ಎಂದವರಿಗೆ ಆ 20 ನಿಮಿಷ ಎಂದೂ ಸಿಗುವುದಿಲ್ಲ. ದಿನದಲ್ಲಿ ಈಗಾಗಲೇ ಗಟ್ಟಿಯಾಗಿ ನಿಂತಿರುವ ಯಾವುದಾದರೂ ಒಂದು ಹೊತ್ತಿಗೆ ಓದನ್ನು ಕಟ್ಟಬೇಕು. ನಮಾಜು ನಡೆಯುವ ಮನೆಯಲ್ಲಿ ಇದು ಸುಲಭ. ದಿನವನ್ನು ಐದು ಹೊತ್ತಾಗಿ ಹಂಚಿಕೊಂಡು ಬದುಕುವ ರೂಢಿ ಮೊದಲೇ ಇದೆ. ಮಗ್ರಿಬ್ ಮತ್ತು ಇಶಾ ನಡುವೆ ಒಂದು ಗಂಟೆಗೂ ಮಿಕ್ಕಿದ ಬಿಡುವಿದೆ. ಮಗ್ರಿಬ್ ಮುಗಿದ ಕೂಡಲೆ 20 ನಿಮಿಷ ಪುಸ್ತಕ ಎಂದು ಒಮ್ಮೆ ಗೊತ್ತಾದರೆ ಗಡಿಯಾರ ನೋಡುವ ಕೆಲಸವೇ ಇಲ್ಲ. ಸಂಜೆ ದುಡಿಯಲು ಹೋಗುವವರಿಗೆ ಫಜ್ರ್ ನಂತರದ ಹೊತ್ತಿದೆ. ನಮ್ಮ ನೆರವು ಪಡೆಯುವ ಬೇರೆ ಧರ್ಮದ ಮನೆಗಳಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿದೆ. ಪಾಳಿ ಕೆಲಸದ ಮನೆಯಲ್ಲಿ ತಂದೆ ಕೆಲಸಕ್ಕೆ ಹೊರಟ ಮೇಲಿನ 20 ನಿಮಿಷವನ್ನು ಇಟ್ಟುಕೊಳ್ಳಬಹುದು, ಪಾಳಿ ಬದಲಾದರೆ ಓದೂ ಜೊತೆಗೇ ಬದಲಾಗುತ್ತದೆ.

ಆ ಹೊತ್ತಿನಲ್ಲಿ ಮೂರು ವಿಷಯ ನೋಡಿಕೊಳ್ಳಿ. ಒಂದು, ಮೊಬೈಲು ಬೇರೆ ಕೋಣೆಯಲ್ಲಿರಲಿ. ಒಂದೇ ಕೋಣೆಯ ಮನೆಯಾದರೆ ಡಬ್ಬದಲ್ಲಿಟ್ಟು ಮುಚ್ಚಿ. ಪಕ್ಕದಲ್ಲಿದ್ದರೆ ಕೈ ತಾನಾಗಿ ಅತ್ತ ಹೋಗುತ್ತದೆ, ದೊಡ್ಡವರದ್ದೂ ಹೋಗುತ್ತದೆ. ಎರಡು, ಪುಸ್ತಕ ಬೀರುವಿನಲ್ಲಿ ಭದ್ರವಾಗಿರಬಾರದು. ಕಣ್ಣಿಗೆ ಬೀಳುವ ಜಾಗದಲ್ಲಿ, ಓದಿ ನಿಲ್ಲಿಸಿದ ಪುಟದಲ್ಲಿ ಗುರುತು ಇಟ್ಟು ಮಡಗಿರಿ. ಮೂರು, ಆ 20 ನಿಮಿಷ ಆ ಮಗುವನ್ನು ಯಾರೂ ಕೆಲಸಕ್ಕೆ ಕರೆಯಬಾರದು. ಮೊದಲಿನ ಎರಡು ಮಾತಿಗೆ ಎಲ್ಲರೂ ಹೂಂ ಅನ್ನುತ್ತಾರೆ. ಮೂರನೆಯದೇ ಕಷ್ಟ, ಅದರಲ್ಲೂ ಮಗು ಹೆಣ್ಣಾಗಿದ್ದರೆ.

ನಾವು ಕಂಡಂತೆ ಅಣ್ಣ ಓದುತ್ತಿದ್ದರೆ ಇಡೀ ಮನೆ ಮೆತ್ತಗೆ ಮಾತಾಡುತ್ತದೆ. ಅಪಾ ಓದುತ್ತಿದ್ದರೆ “ಸ್ವಲ್ಪ ಚಾ ಇಡಮ್ಮಾ” ಎಂಬ ಕೂಗು ಬರುತ್ತದೆ. ಪುಸ್ತಕ ಮುಚ್ಚಿ ಎದ್ದವಳು ಮತ್ತೆ ಅದೇ ಪುಟಕ್ಕೆ ಬರುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರನ್ನು ನೆನೆಯಿರಿ. ಕನ್ನಡ ಶಾಲೆಯಲ್ಲಿ ಕಲಿತರು. ಆ ಕಾಲದಲ್ಲಿ ಅವರ ಸಮುದಾಯದ ಹೆಣ್ಣುಮಕ್ಕಳಿಗೆ ಅದೇ ದೊಡ್ಡದು. ಆಮೇಲೆ ಮದುವೆ, ಸಂಸಾರ, ನಾಲ್ವರು ಗಂಡುಮಕ್ಕಳು. ಅವರ ಮೊದಲ ಬರಹ ಲಂಕೇಶ್ ಪತ್ರಿಕೆಯಲ್ಲಿ ಅಚ್ಚಾದದ್ದು 1981ರಲ್ಲಿ, ಅಷ್ಟರಲ್ಲಿ ಅವರಿಗೆ 45 ವರ್ಷ. ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಅವರನ್ನು ನಾಡಿಗೆಲ್ಲ ಪರಿಚಯಿಸಿತು. ಅಷ್ಟೆಲ್ಲದರ ನಡುವೆಯೂ ಅವರ ಕೈಬಿಡದೆ ಉಳಿದದ್ದು ಓದು. ಸಂಸಾರದ ನಡುವೆ ಓದನ್ನು ಉಳಿಸಿಕೊಂಡ ತಾಯಂದಿರು ಈ ಸಭೆಯಲ್ಲೂ ಇದ್ದಾರೆ. ನಿಮ್ಮ ಮಗಳಿಗೆ ಅದೇ ಕಷ್ಟವನ್ನು ಬಿಟ್ಟುಹೋಗಬೇಡಿ. ಅವಳ 20 ನಿಮಿಷದ ಚಾ ಅವಳ ತಮ್ಮ ಮಾಡಲಿ.

ಯಾವ ಭಾಷೆಯಲ್ಲಿ ಓದಬೇಕು ಎಂಬ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಯಾವಾಗಲೂ ಬರುತ್ತದೆ. ಮನೆಯಲ್ಲಿ ದಖನಿ ಉರ್ದು, ಬಜಾರಿನಲ್ಲಿ ಕನ್ನಡ, ಔರಾದ್, ಭಾಲ್ಕಿ ಕಡೆ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷು. ಮಗು ನಡುವೆ ಸಿಕ್ಕಿಕೊಂಡು ಯಾವುದನ್ನೂ ಓದದೆ ಇರುವುದನ್ನು ನೋಡಿದ್ದೇವೆ. ಹಿಂಜರಿಯಬೇಕಾಗಿಲ್ಲ, ಈ ಮಣ್ಣು ಹಲವು ಭಾಷೆಗಳಿಗೆ ಹಳೆಯದಾಗಿ ಒಗ್ಗಿದೆ. ದಖನಿಯ ಅತಿ ಹಳೆಯ ಕಾವ್ಯವೆಂದು ವಿದ್ವಾಂಸರು ಗುರುತಿಸುವ ‘ಕದಮ್‌ರಾವ್ ಪದಮ್‌ರಾವ್’ 15ನೇ ಶತಮಾನದಲ್ಲಿ ಬೀದರಿನ ನಿಜಾಮಿ ಎಂಬ ಕವಿಯಿಂದ ಬಂದದ್ದು. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳಿಗೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅವರ ತಂದೆ ಮಗಳನ್ನು ಎಂಟು ವರ್ಷದವಳಿದ್ದಾಗ ಶಿವಮೊಗ್ಗದಲ್ಲಿ ಕನ್ನಡ ಶಾಲೆಗೆ ಸೇರಿಸಿದರು. ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಬಂದರೆ ಮಾತ್ರ ಮುಂದುವರಿಸುತ್ತೇವೆ ಎಂದು ಶಾಲೆಯವರು ಷರತ್ತು ಹಾಕಿದ್ದರು. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ಆದ್ದರಿಂದ ಮಗುವಿಗೆ ಸರಾಗವಾಗಿ ಓದಲು ಬರುವ ಭಾಷೆಯಲ್ಲಿ ಮೊದಲು ಓದಲಿ. ಒಂದು ಭಾಷೆಯಲ್ಲಿ ಕೂತು ಓದುವ ಅಭ್ಯಾಸವಾದರೆ ಇನ್ನೊಂದಕ್ಕೆ ಹೋಗುವುದು ಸುಲಭ.

ಓದಲು ಬಾರದ ತಾಯಂದಿರು, ದಾದಿಯರು ಈ ಮಾತು ನಮಗಲ್ಲ ಎಂದುಕೊಳ್ಳಬೇಡಿ. ಕ್ಯೂಬಾ ದೇಶದ ಹವಾನಾ ನಗರದಲ್ಲಿ 1865ರಿಂದ ಚುಟ್ಟಾ ಸುತ್ತುವ ಕಾರ್ಖಾನೆಗಳಲ್ಲಿ ಒಂದು ಪದ್ಧತಿ ನಡೆದುಬಂದಿದೆ. ಕೆಲಸಗಾರರು ಕೈಯಲ್ಲಿ ಎಲೆ ಸುತ್ತುತ್ತಿದ್ದರೆ ಒಬ್ಬನು ಎತ್ತರದ ಜಾಗದಲ್ಲಿ ಕೂತು ಪತ್ರಿಕೆ, ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತಾನೆ. ಓದುವವನ ಸಂಬಳವನ್ನು ಕೆಲಸಗಾರರೇ ತಮ್ಮ ಕೂಲಿಯಲ್ಲಿ ಸ್ವಲ್ಪ ತೆಗೆದು ಕೊಡುತ್ತಿದ್ದರು. ಚುಟ್ಟಾ ಒಳ್ಳೆಯದಲ್ಲ, ಪದ್ಧತಿ ಬಹಳ ಒಳ್ಳೆಯದು. ನಮ್ಮ ಬಿದರಿ ಕೆಲಸದ ಮನೆಗಳಲ್ಲಿ, ಹೊಲಿಗೆ ಯಂತ್ರದ ಮುಂದೆ, ರೊಟ್ಟಿ ಬಡಿಯುವ ಕಡೆ ಕೈಗೆ ಕೆಲಸವಿರುತ್ತದೆ, ಕಿವಿ ಖಾಲಿ ಇರುತ್ತದೆ. ಮಗಳು ಓದಲಿ, ಅಮ್ಮಿ ಕೇಳಲಿ. ಮಗುವಿನ ಉಚ್ಚಾರ ತಿದ್ದುತ್ತದೆ, ತಾಯಿಗೆ ಕಥೆ ಸಿಗುತ್ತದೆ. ಮುಂದೇನಾಯಿತು ಎಂದು ಮಾರನೆಯ ದಿನ ತಾಯಿಯೇ ಕೇಳುತ್ತಾಳೆ. ಹಾಗೆ ಕೇಳುವ ತಾಯಿ ಆ ಮಗಳನ್ನು ನಡುವೆ ಕೆಲಸಕ್ಕೆ ಕರೆಯುವುದಿಲ್ಲ.

ಪುಸ್ತಕ ಎಲ್ಲಿಂದ ತರುವುದು? ಕೊಳ್ಳಲೇಬೇಕೆಂದಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇಕಡ 6 ಗ್ರಂಥಾಲಯ ಕರ ಇದೆ. ಮನೆ ತೆರಿಗೆ ಕಟ್ಟಿದ ಪ್ರತಿಯೊಬ್ಬರೂ ಪ್ರತಿ ನೂರು ರೂಪಾಯಿಗೆ ಆರು ರೂಪಾಯಿಯಂತೆ ಗ್ರಂಥಾಲಯಕ್ಕೆ ಮೊದಲೇ ಕೊಟ್ಟಿದ್ದೀರಿ. ಕೊಟ್ಟ ಮೇಲೆ ಉಪಯೋಗಿಸಿಕೊಳ್ಳಿ. ಬೀದರಿನಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯವಿದೆ. ಹಳ್ಳಿಗಳ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎಂದು ಕರೆಯುತ್ತಾರೆ. 2020ರಲ್ಲಿ ಆರಂಭವಾದ ಸರ್ಕಾರದ ಡಿಜಿಟಲ್ ಗ್ರಂಥಾಲಯ ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತದೆ, ಆದರೂ ಮನೆಯ 20 ನಿಮಿಷಕ್ಕೆ ಕಾಗದದ ಪುಸ್ತಕವೇ ಇರಲಿ ಎಂಬುದು ನಮ್ಮ ಸಲಹೆ.

ದಾನಿಗಳಿಗೂ ಒಂದು ಮಾತು. ಮೈಸೂರಿನ ರಾಜೀವ್‌ನಗರದ ಸೈಯದ್ ಇಸಾಕ್ ಎಂಬ ಕೂಲಿ ಕಾರ್ಮಿಕರು 2011ರಲ್ಲಿ ತಮ್ಮ ದುಡಿಮೆಯಲ್ಲೇ ಎಲ್ಲರಿಗೂ ತೆರೆದ ಗ್ರಂಥಾಲಯ ನಡೆಸತೊಡಗಿದರು. ಅಲ್ಲಿದ್ದ ಸುಮಾರು 11,000 ಪುಸ್ತಕಗಳಲ್ಲಿ ಹೆಚ್ಚಿನವು ಕನ್ನಡದವು. ತಮಗೆ ಸಿಗದ ಓದು ನೆರೆಯ ಮಕ್ಕಳಿಗೆ ಸಿಗಲಿ ಎಂಬುದು ಅವರ ಆಸೆ. 2021ರ ಏಪ್ರಿಲ್‌ನಲ್ಲಿ ಒಂದು ನಸುಕಿನಲ್ಲಿ ಅದು ಸುಟ್ಟುಹೋಯಿತು. ಜಾತಿ ಮತ ನೋಡದೆ ಎಲ್ಲೆಲ್ಲಿಂದಲೋ ಜನ ನೆರವಿಗೆ ಬಂದರು. ಅವರು ಆ ಗ್ರಂಥಾಲಯಕ್ಕೆ ಪುಸ್ತಕದ ಜೊತೆ ತಮ್ಮ ಹೊತ್ತನ್ನೂ ಕೊಟ್ಟಿದ್ದರು. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಬಾಗಿಲು ತೆಗೆದು, ಗುಡಿಸಿ, ಪತ್ರಿಕೆ ಜೋಡಿಸುತ್ತಿದ್ದರು. ಹಣ ಕೊಡುವ ನಮ್ಮ ದಾನಿಗಳಲ್ಲಿ ತಿಂಗಳಿಗೊಮ್ಮೆ ಒಂದು ಗಂಟೆ ಕೊಡಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಹೆಸರು ಕೊಡಿ. ಮಕ್ಕಳ ಜೊತೆ ಕೂತು, ಈ ತಿಂಗಳು ಏನು ಓದಿದೆ ಎಂದು ಕೇಳಿದರೆ ಸಾಕು. ಕೇಳುವವರಿದ್ದರೆ ಓದುವವರು ಇರುತ್ತಾರೆ.

ಕೊನೆಯದಾಗಿ ಈ ವರ್ಷದ ಬದಲಾವಣೆ ಹೇಳಿಬಿಡುತ್ತೇವೆ. ಮುಂದಿನ ಪುಟದಲ್ಲಿರುವ ವಿದ್ಯಾರ್ಥಿವೇತನ ಪ್ರಕಟಣೆಯನ್ನು ಗಮನಿಸಿ. ಅರ್ಜಿಯಲ್ಲಿ ಎರಡು ಪ್ರಶ್ನೆ ಸೇರಿಸಿದ್ದೇವೆ: ನಿಮ್ಮ ಮನೆಯಲ್ಲಿ ಮಗು ಓದುವ ಹೊತ್ತು ಯಾವುದು? ಆ ಹೊತ್ತಿನಲ್ಲಿ ಅದರ ಕೆಲಸ ಯಾರು ನೋಡಿಕೊಳ್ಳುತ್ತಾರೆ? ಮೊದಲ ಪ್ರಶ್ನೆಗೆ ಮಗು ಉತ್ತರ ಬರೆಯಬೇಕು, ಎರಡನೆಯದಕ್ಕೆ ಪಾಲಕರು ಉತ್ತರ ಕೊಟ್ಟು ಸಹಿ ಹಾಕಬೇಕು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ. ಆದರೆ ಮಗುವಿನಿಂದ ಓದಿಸಿ ಕೇಳಿಕೊಂಡೇ ಒತ್ತಿ. ಈ ಉತ್ತರಗಳಿಗೆ ಅಂಕವಿಲ್ಲ, ಇದರಿಂದ ಯಾರ ವಿದ್ಯಾರ್ಥಿವೇತನವೂ ನಿಲ್ಲುವುದಿಲ್ಲ. ‘ನಿಮ್ಮ ಬಗ್ಗೆ ಹತ್ತು ಸಾಲು’ ಎಂಬ ಜಾಗವನ್ನು ಮಾತ್ರ ಮಗು ತನ್ನ ಕೈಯಾರೆ, ತನಗೆ ಬರುವ ಭಾಷೆಯಲ್ಲಿ ತುಂಬಬೇಕು. ಕನ್ನಡ, ಉರ್ದು, ಮರಾಠಿ, ಇಂಗ್ಲಿಷ್ ಯಾವುದಾದರೂ ಸರಿ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ.

ಮುಂದಿನ ವರ್ಷ ಇದೇ ಮಕ್ಕಳನ್ನು ಕೂಡಿಸಿಕೊಂಡು ಅದೇ ಪ್ರಶ್ನೆ ಕೇಳುತ್ತೇವೆ. ಒಂದು ಪುಸ್ತಕದ ಹೆಸರು ಹೇಳಿದರೂ ನಮಗೆ ಸಂತೋಷ. ಅದರ ಕಥೆ ಹೇಳಲು ಶುರು ಮಾಡಿದರೆ ಎಷ್ಟು ಹೊತ್ತಾದರೂ ಕೂತು ಕೇಳುತ್ತೇವೆ.

ದಾನಿಗಳ ದುಡಿಮೆಯಲ್ಲಿ ಅಲ್ಲಾಹನು ಬರಕತ್ ಕೊಡಲಿ, ಮಕ್ಕಳ ಹೊತ್ತಿನಲ್ಲೂ ಬರಕತ್ ಕೊಡಲಿ. ಆಮೀನ್. ವಸ್ಸಲಾಮ್.